ಮಾಗಿಯ ಚಳಿಯಲ್ಲಿ ಮನೆಯೊಳಗೆ ಮಕ್ಕಳೊಡನೆ ಆಟ



ಮಾಗಿಯ ಚಳಿ ಬಂದಿದೆ. ರಾಗಿ ಕೊಯ್ದು ಮೆದೆ ಹಾಕಿದ್ದಾಗಿದೆ. ಕೆಲವರ ಕಣದಲ್ಲಿ ಒಕ್ಕಣೆಯೂ ಮುಗಿಯುತ್ತ ಬಂದಿದೆ. ಹೊಲದಲ್ಲಿ ಅವರೆ ಕಾಯಿ ಬಿಟ್ಟು ಸೊಗಡು ಊರೊಳಕ್ಕೆಲ್ಲ ಹರಡಿದೆ. ಈ ದಿನಗಳಲ್ಲಿ ಕಾಳು ಕೂಡಿಡುವುದನ್ನು ಕುರಿತೋ ದನಗಳ ಕಾಯಿಲೆಯನ್ನು ಕುರಿತೋ ಬರೆಯುವುದು ವಾಡಿಕೆ. ಈ ಸಲ ಮಕ್ಕಳ ಆಟದ ವಿಷಯ ಬರೆಯುತ್ತಿದ್ದೇನೆ. ಕೃಷಿ ಡಿಪ್ಲೊಮಾ ಓದಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಕಾರಣವಿದೆ.

ಕಳೆದ ಪುಷ್ಯ ಮಾಸದಲ್ಲಿ ಬೆನ್ಸನ್ ಟೌನಿನ ನೆಂಟರ ಮನೆಗೆ ಹೋಗಿದ್ದೆ. ಕೃಷ್ಣರಾಜಪುರದಲ್ಲಿ ರೈಲು ಹತ್ತಿ ದಂಡು ನಿಲ್ದಾಣದಲ್ಲಿ ಇಳಿದರೆ ಅಲ್ಲಿಗೆ ನಡೆದು ಹೋಗಬಹುದು. ಬೆಳಗ್ಗೆ ಏಳು ಗಂಟೆ. ಮಂಜು ಇನ್ನೂ ಕರಗಿರಲಿಲ್ಲ. ಮನೆಯೊಳಗೆ ಚಿಂತಾಮಣಿ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿ, ಕಂಬಳಿ ಹೊದ್ದು, ಐದು ವರ್ಷದ ಮೊಮ್ಮಗನ ಎದುರು ಅಳಗುಳಿಮಣೆ ಇಟ್ಟುಕೊಂಡು ಕುಳಿತಿದ್ದರು. ಹುಡುಗ ಹುಣಸೆ ಬೀಜ ಎಣಿಸಿ ಎಣಿಸಿ ಗುಳಿಗೆ ಹಾಕುತ್ತಿದ್ದ. ತಪ್ಪಾದರೆ ಅಜ್ಜಿ ಬೈಯಲಿಲ್ಲ, “ಇನ್ನೊಂದು ಸಲ ಎಣಿಸಪ್ಪ” ಎಂದರು. ಮೂಲೆಯಲ್ಲಿ ಅಂಗಡಿಯಿಂದ ತಂದ ಆಟದ ಸಾಮಾನು ಒಂದು ಬುಟ್ಟಿ ತುಂಬ ಇತ್ತು. ಅದರ ಕಡೆ ಹುಡುಗ ತಿರುಗಿಯೂ ನೋಡಲಿಲ್ಲ.

ಎರಡು ದಿನ ಕಳೆದು ಬಿದರಹಳ್ಳಿ ಹೋಬಳಿಯ ಒಂದು ಹಳ್ಳಿಗೆ ಕೆಲಸದ ಮೇಲೆ ಹೋದೆ. ಅದೇ ಹೊತ್ತು, ಅದೇ ಚಳಿ. ತಂದೆ ಹಾಲು ಕರೆದು ಡೈರಿಗೆ ಹಾಕಿ ಬಂದಿದ್ದರು. ತಾಯಿ ಒಲೆಯ ಮುಂದೆ. ನಾಲ್ಕು ವರ್ಷದ ಮಗಳು ಕಂಬಳಿಯೊಳಗೆ ಮುದುರಿಕೊಂಡು ಮೊಬೈಲು ನೋಡುತ್ತಿದ್ದಳು. ಎರಡು ಸಲ ಕರೆದರೂ ತಲೆ ಎತ್ತಲಿಲ್ಲ. “ಚಳಿ ಅಲ್ವಾ ಸಾರ್, ಹೊರಗೆ ಬಿಡೋಕಾಗಲ್ಲ, ಅದಕ್ಕೆ ಕೊಟ್ಟಿದೀವಿ” ಎಂದರು ತಂದೆ. ಅಳಗುಳಿಮಣೆ ಇಲ್ಲವೇ ಅಣ್ಣಾ ಎಂದು ಕೇಳಿದೆ. ಇತ್ತು. ಅವರ ಅಜ್ಜಿಯ ಕಾಲದ್ದು. ಅಟ್ಟದ ಮೇಲೆ, ಹಳೆಯ ಗೋಣಿಚೀಲಗಳ ಕೆಳಗೆ.

ಅಂದರೆ ಹಳ್ಳಿಯ ಆಟ ಪಟ್ಟಣಕ್ಕೆ ಹೋಗಿ ಕುಳಿತಿದೆ. ಹಳ್ಳಿಯ ಮಗು ಪಟ್ಟಣದ ಮಗುವಿಗಿಂತ ಹೆಚ್ಚು ಹೊತ್ತು ಮೊಬೈಲಿನ ಮುಂದೆ ಇದೆ. ಎಲ್ಲ ಮನೆಯೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಅಂದಿನಿಂದ ಹೋದ ಹೋದ ಮನೆಯಲ್ಲಿ ಇದನ್ನು ಗಮನಿಸುತ್ತಿದ್ದೇನೆ.

ಮೊದಲು ಚಳಿಯ ವಿಷಯ. ನಮ್ಮ ಬೆಂಗಳೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುವುದರಿಂದ ಹಗಲು ಕಾದ ನೆಲ ರಾತ್ರಿ ಬೇಗ ಆರಿಹೋಗುತ್ತದೆ. ನಗರದಲ್ಲಿ ದಾಖಲಾಗಿರುವ ಅತಿ ಕಡಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ನೆಯ ಇಸವಿ ಜನವರಿ 13ರಂದು. ಈಗ ಸಾಮಾನ್ಯವಾಗಿ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಯಲು ಹಳ್ಳಿಗಳಲ್ಲಿ ಊರೊಳಗಿಗಿಂತ ಚಳಿ ಇನ್ನಷ್ಟು ಚುರುಕು. ಆದರೆ ಒಂಬತ್ತು, ಒಂಬತ್ತೂವರೆ ಹೊತ್ತಿಗೆ ಒಳ್ಳೆಯ ಬಿಸಿಲು ಬರುತ್ತದೆ. ಬಿಸಿಲು ಬಂದ ಮೇಲೂ ಮಗುವನ್ನು ಒಳಗೆ ಕೂಡಿಹಾಕಕೂಡದು. ನೆಗಡಿ ಕೆಮ್ಮು ತರುವುದು ವೈರಾಣು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರಿಂದೊಬ್ಬರಿಗೆ ಅದು ಬೇಗ ಹರಡುತ್ತದೆ. ಹಗಲು ಮಗು ಅಂಗಳದಲ್ಲಿ ಆಡಲಿ, ಕಿಟಕಿ ತೆರೆದಿರಲಿ. ಹೀಗಾಗಿ ನಾನು ಹೇಳುವ ಮನೆಯೊಳಗಿನ ಆಟಕ್ಕೆ ಉಳಿಯುವುದು ಎರಡೇ ಹೊತ್ತು: ಬೆಳಗ್ಗೆ ಬಿಸಿಲೇರುವ ತನಕ, ಸಂಜೆ ದೀಪ ಹಚ್ಚಿದ ಮೇಲೆ.

ಈ ಎರಡು ಹೊತ್ತೂ ನಿಮಗೆ ಕೈತುಂಬ ಕೆಲಸವಿರುವ ಹೊತ್ತು ಎಂಬುದು ನನಗೆ ಗೊತ್ತು. ಹಾಲು ಕರೆಯಬೇಕು, ಹುಲ್ಲು ಹಾಕಬೇಕು, ಸಂಜೆ ಮತ್ತೆ ಅದೇ. ನಾನು ಕೇಳುವುದು ದಿನಕ್ಕೆ ಅರ್ಧ ಗಂಟೆ. ಅದೂ ಹೆಂಗಸರನ್ನು ಕೇಳುತ್ತಿಲ್ಲ. ಅವರು ಹೇಗೋ ಕೆಲಸದ ನಡುವೆಯೇ ಮಗುವಿನೊಡನೆ ಮಾತಾಡುತ್ತಿರುತ್ತಾರೆ. ಕೇಳುವುದು ಗಂಡಸರನ್ನು.

ಏಕೆ ಆಡಬೇಕು? ಒಟ್ಲು ಪಾತಿಯ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. ಸಸಿ ಪಾತಿಯಲ್ಲಿದ್ದಾಗ ಸೊರಗಿದರೆ, ನಾಟಿ ಮಾಡಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಪೂರಾ ಚೇತರಿಸಿಕೊಳ್ಳುವುದು ಕಷ್ಟ. ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಆ ಕಾಲದಲ್ಲಿ ಊಟ, ನಿದ್ದೆ ಎಷ್ಟು ಮುಖ್ಯವೋ ಎದುರಿಗೆ ಕುಳಿತು ಮಾತಾಡುವ, ಆಡಿಸುವ ಜನವೂ ಅಷ್ಟೇ ಮುಖ್ಯ. ಮಗು ಶಬ್ದ ಮಾಡಿದರೆ ತಿರುಗಿ ಶಬ್ದ ಮಾಡಬೇಕು, ಅದು ಕೈ ತೋರಿಸಿದರೆ ಇದೇನು ಎಂದು ಹೆಸರು ಹೇಳಬೇಕು. ಮೊಬೈಲು ಹಾಡುತ್ತದೆ, ಕುಣಿಯುತ್ತದೆ. ಮಗು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಮಗುವೇನು ಪೈರಲ್ಲ ಎಂಬುದು ನಿಜ. ಮೂರು ವರ್ಷ ದಾಟಿದ ಮೇಲೆ ಎಲ್ಲ ಮುಗಿಯಿತೆಂದು ಯಾರೂ ಎದೆಗುಂದಬೇಕಾಗಿಲ್ಲ.

ಇದಕ್ಕೆ ಪುರಾವೆ ಏನೆಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ವೆಸ್ಟ್ ಇಂಡೀಸಿನಲ್ಲಿ ಜಮೈಕಾ ಎಂಬ ದೇಶವಿದೆ; ಕ್ರಿಕೆಟ್ ನೋಡುವ ಹುಡುಗರಿಗೆ ಗೊತ್ತು. ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ 1986–87ರಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಆರಿಸಿಕೊಂಡರು. ಎಲ್ಲ 9ರಿಂದ 24 ತಿಂಗಳ ಕೂಸುಗಳು. ಇವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕುಳಿತು, ಮಗುವಿನೊಡನೆ ಆಡುವುದು ಹೇಗೆಂದು ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ ಹೀಗೆ ನಡೆಯಿತು. ಆಟದ ಸಾಮಾನೆಲ್ಲ ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಾಡಿದ್ದು. ಇಪ್ಪತ್ತು ವರ್ಷದ ಮೇಲೆ ಆ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ ದೊರೆತವರ ಸಂಪಾದನೆ ದೊರೆಯದವರದಕ್ಕಿಂತ ಶೇಕಡ 25ರಷ್ಟು ಹೆಚ್ಚಾಗಿತ್ತು. 2014ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಒಂದು ಎಕರೆಗೆ ಶೇಕಡ 25ರಷ್ಟು ಇಳುವರಿ ಹೆಚ್ಚಿಸುವ ಬೀಜ ಬಂದಿದೆಯೆಂದರೆ ನಾವು ಸಾಲುಗಟ್ಟಿ ನಿಲ್ಲುತ್ತೇವೆ.

ಇನ್ನು ಆಟಗಳಿಗೆ ಬರೋಣ. ಚಳಿಗೆ ಮೊದಲು ಬೇಕಾದದ್ದು ಮೈ ಬೆಚ್ಚಗಾಗುವ ಆಟ. ಉಪ್ಪುಮೂಟೆ ನಿಮಗೆಲ್ಲ ಗೊತ್ತು. ಮಗುವನ್ನು ಬೆನ್ನ ಮೇಲೆ ಹೊತ್ತು ಉಪ್ಪು ಬೇಕೇ ಉಪ್ಪು ಎಂದು ಕೋಣೆಯಿಂದ ಕೋಣೆಗೆ ತಿರುಗಿ. ಮನೆಯವರು ಬೆಲೆ ಕೇಳಲಿ, ಚೌಕಾಶಿ ಮಾಡಲಿ, ಹುಳುಕು ಉಪ್ಪು ಬೇಡವೆನ್ನಲಿ. ಮಗು ಬಿದ್ದು ಬಿದ್ದು ನಗುತ್ತದೆ. ಜೊತೆಗೆ ಕೊಡು ಕೊಳ್ಳುವ ಮಾತನ್ನೂ ಕಲಿಯುತ್ತದೆ. ತಂದೆ ನಾಲ್ಕು ಕಾಲಾಗಿ ಆನೆಯಾಗಬಹುದು, ಎತ್ತಾಗಬಹುದು. ಎರಡು ಮಂಚದ ನಡುವೆ ಕಂಬಳಿ ಕಟ್ಟಿದರೆ ಗುಡಿಸಲಾಯಿತು. ಅದರೊಳಗೆ ನುಸುಳಿ ಹೋಗಿ ಬರುವುದೇ ಒಂದು ಆಟ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕೆರೆ–ದಡ ಆಡಿಸಬಹುದು. ಕಾಗೆ ಹಾರಿತು, ಗುಬ್ಬಿ ಹಾರಿತು ಎನ್ನುತ್ತ ಎಲ್ಲರೂ ಕೈ ಎತ್ತಬೇಕು. ಎಮ್ಮೆ ಹಾರಿತು ಎಂದಾಗ ಎತ್ತಿದವರು ಸೋತರು. ಮೂರು ವರ್ಷದ ಮಗು ಮೊದಲು ಎಮ್ಮೆಗೂ ಕೈ ಎತ್ತುತ್ತದೆ. ಎತ್ತಲಿ ಬಿಡಿ. ನಾಲ್ಕು ದಿನದಲ್ಲಿ ಅದೇ ನಿಮ್ಮನ್ನು ಸೋಲಿಸುತ್ತದೆ.

1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸುತ್ತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇನ್ನೂ ತೆವಳದ ಕೂಸನ್ನು ಎಚ್ಚರವಿರುವಾಗ ಬೋರಲು ಮಲಗಿಸಿ ಆಡಿಸಬೇಕು, ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆ. ತಣ್ಣನೆಯ ನೆಲದ ಮೇಲಲ್ಲ. ಚಾಪೆ, ಅದರ ಮೇಲೆ ಕೌದಿ. ನೀವೂ ಎದುರಿಗೆ ಬೋರಲು ಮಲಗಿ ಮುಖ ತೋರಿಸಿದರೆ ಕೂಸು ತಲೆ ಎತ್ತುತ್ತದೆ. ಮೊಬೈಲಿನ ವಿಷಯವೂ ಅದೇ ಸೂಚನೆಯಲ್ಲಿದೆ: ಎರಡು ವರ್ಷ ತುಂಬುವ ತನಕ ಪರದೆ ಬೇಡವೇ ಬೇಡ, ಅಲ್ಲಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಕೂಡದು, ಕಡಮೆಯಾದಷ್ಟೂ ಒಳ್ಳೆಯದು.

ಒಂದು, ಎರಡು ವರ್ಷದ ಮಗುವಿಗೆ ಆಟದ ಸಾಮಾನು ಕೊಳ್ಳುವ ಗೋಜು ಬೇಡ. ಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಇನ್ನೂ ಉಳಿದಿದ್ದರೆ ತೊಳೆದು ಅದರ ಮುಂದಿಡಿ. ಒಂದರೊಳಗೊಂದು ಕೂಡಿಸುವುದು, ತೆಗೆಯುವುದು, ಬಡಿಯುವುದು, ಬೋರಲು ಹಾಕುವುದು. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ದೊಡ್ಡದರೊಳಗೆ ಚಿಕ್ಕದು ಹೋಗುತ್ತದೆ, ಚಿಕ್ಕದರೊಳಗೆ ದೊಡ್ಡದು ಹೋಗುವುದಿಲ್ಲ ಎಂಬುದನ್ನು ಮಗು ತಾನಾಗಿ ಕಂಡುಕೊಳ್ಳುತ್ತದೆ. ಅಳತೆಯ ಮೊದಲ ಪಾಠ ಅದೇ. ಚಿಪ್ಪಾದರೆ ಅಂಚು ಉಜ್ಜಿ ನಯ ಮಾಡಿ ಕೊಡಿ. ಹಳೆಯ ಸೀರೆಯ ಚೂರುಗಳನ್ನು ಬಿಗಿಯಾಗಿ ಸುತ್ತಿ ಹೊಲಿದರೆ ಚೆಂಡು. ತಲೆಯಷ್ಟು ಕಟ್ಟಿ ಕಣ್ಣು ಮೂಗು ದಾರದಿಂದ ಹೊಲಿದರೆ ಬೊಂಬೆ. ಗುಂಡಿ ಹೊಲಿಯಬೇಡಿ, ಕಿತ್ತು ನುಂಗುತ್ತದೆ. ಕೊಳ್ಳಲೇಬೇಕೆಂದಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆ ನಮ್ಮ ಸೀಮೆಯದೇ. ಕಾರ್ಖಾನೆಯ ಆಟದ ಸಾಮಾನಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸಂತೆಯಲ್ಲಿ ಕೊಳ್ಳುವಾಗ ಅದನ್ನು ನೋಡಿ ಕೊಳ್ಳತಕ್ಕದ್ದು.

ಸಂಜೆಯ ಹೊತ್ತಿಗೆ ನೆರಳಿನ ಆಟ ಚೆನ್ನ. ಬಿಳಿ ಗೋಡೆಯ ಮುಂದೆ ಟಾರ್ಚು ಇಟ್ಟು ಬೆರಳು ಮಡಿಸಿ ಜಿಂಕೆ, ನಾಯಿ, ಹಕ್ಕಿ ಮಾಡಿ ತೋರಿಸಿ. ನಮ್ಮ ನಾಡಿನಲ್ಲಿ ನೆರಳಿನಿಂದ ರಾಮಾಯಣ ಮಹಾಭಾರತವನ್ನೇ ಆಡಿಸಿದವರಿದ್ದಾರೆ; ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಅಷ್ಟು ನಮಗೆ ಬಾರದು. ಜಿಂಕೆ ಕಿವಿ ಅಲ್ಲಾಡಿಸಿದರೆ ಮಗುವಿಗೆ ಸಾಕು.

ಆದರೆ ಈ ಋತುವಿನ ಆಟವೆಂದರೆ ನನ್ನ ಮಟ್ಟಿಗೆ ಅವರೆಕಾಯಿ. ಹೆಬ್ಬಾಳದ ಎಚ್.ಎ. 3, ಎಚ್.ಎ. 4 ತಳಿಗಳು ಬಂದ ಮೇಲೆ ವರ್ಷವಿಡೀ ಅವರೆ ಬೆಳೆಯಬಹುದಾಗಿದೆ. ಆದರೂ ಮಾಗಿಯ ಅವರೆಯ ಸೊಗಡೇ ಬೇರೆ ಎಂದರೆ ನೀವು ಒಪ್ಪುತ್ತೀರಿ. ಕಾಯಿ ಸುಲಿಯುವಾಗ ಮೂರು ವರ್ಷ ದಾಟಿದ ಮಗುವನ್ನು ದೂರ ಅಟ್ಟದೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದರ ಮುಂದೊಂದು ಮೊರ, ಒಂದು ಹಿಡಿ ಕಾಯಿ. ಬಲಿತದ್ದು ಒಂದು ಕಡೆ, ಎಳೆಯದು ಒಂದು ಕಡೆ. ತೆರೆಯುವ ಮುಂಚೆ ಒಳಗೆಷ್ಟು ಕಾಳಿವೆಯೆಂದು ಬೆರಳಿನಿಂದ ಮುಟ್ಟಿ ಹೇಳಬೇಕು, ಮೂರೋ ನಾಲ್ಕೋ? ತೆರೆದು ಎಣಿಸಿ ನೋಡುವುದು. ನಡುವೆ ಒಂದು ಕಾಯಿಯಿಂದ ಹುಳು ಹೊರಬಂದರೆ ಮಗು ಕಿರುಚುತ್ತದೆ, ಆಮೇಲೆ ಹತ್ತಿರ ಬಂದು ನೋಡುತ್ತದೆ. ಆಗ ಇದು ಹೇಗೆ ಒಳಗೆ ಹೋಯಿತೆಂದು ಕೇಳಿಯೇ ಕೇಳುತ್ತದೆ. ಕಾಯಿಕೊರಕ ಹುಳುವಿನ ಪಾಠವನ್ನು ನಾನು ಡಿಪ್ಲೊಮಾ ತರಗತಿಯಲ್ಲಿ ಓದಿದೆ. ನಿಮ್ಮ ಮಗು ನಾಲ್ಕನೆಯ ವರ್ಷಕ್ಕೇ ಮೊರದ ಮುಂದೆ ಕಲಿಯಬಹುದು. ಮರುದಿನ ನೆನೆದ ಕಾಳನ್ನು ಹಿದುಕುವಾಗ ಸಿಪ್ಪೆಯಿಂದ ಬೇಳೆ ಪುಟಕ್ಕನೆ ಹಾರುತ್ತದಲ್ಲ, ಅದನ್ನು ಬಟ್ಟಲಿಗೇ ಬೀಳುವಂತೆ ಗುರಿಯಿಟ್ಟು ಹಿದುಕುವುದು ಒಂದು ಪಂದ್ಯ. ಬೆರಳಿಗೆ ಬಲ ಬರುತ್ತದೆ. ಮುಂದೆ ಬಳಪ ಹಿಡಿಯುವುದಕ್ಕೆ ಈ ಬಲವೇ ಬೇಕು. ಔಷಧಿ ಹೊಡೆದ ಕಾಯಿಯಾದರೆ ಡಬ್ಬದ ಮೇಲೆ ಹೇಳಿದಷ್ಟು ದಿನ ಕಾಯದೆ ಕೀಳಕೂಡದು. ಕಿತ್ತ ಮೇಲೂ ಸುಲಿಯುವ ಮುಂಚೆ ತೊಳೆಯಿರಿ.

ಅಳಗುಳಿಮಣೆಯನ್ನು ಐದು ವರ್ಷದ ಮೇಲಿನ ಮಕ್ಕಳಿಗೆ ಕಲಿಸಬಹುದು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ಐದರಂತೆ ಒಟ್ಟು 70 ಬೀಜ. ನಿಯಮ ಊರಿಂದೂರಿಗೆ ಬೇರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರಿಗೂ ಸಂತೋಷವಾದೀತು. ನಾಲ್ಕು ವರ್ಷದ ಮಗುವಿಗೆ ಗೆಲ್ಲುವ ಸೋಲುವ ನಿಯಮವಿಲ್ಲದೆ, ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕುತ್ತ ಹೋಗುವುದೇ ಆಟ. ಮುಷ್ಟಿಯಲ್ಲಿ ಬೀಜ ಹಿಡಿದು ಸರಿಯೋ ಬೆಸವೋ ಎಂದು ಕೇಳುವ ಆಟವನ್ನು ಶಾಲೆಗೆ ಹೋಗುವ ಅಣ್ಣ ಅಕ್ಕಂದಿರೂ ಸೇರಿ ಆಡಬಹುದು.

ಬೀಜದ ವಿಷಯದಲ್ಲಿ ಮಾತ್ರ ನನ್ನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವರು ಅಳಗುಳಿಗೆ ಗುಲಗಂಜಿ ಇಟ್ಟಿರುತ್ತಾರೆ. ನೋಡಲು ಚೆಂದ. ಆದರೆ ಗುಲಗಂಜಿಯ ತಿರುಳಿನಲ್ಲಿ ಘೋರ ವಿಷವಿದೆ. ಅಗಿದು ನುಂಗಿದರೆ ಮಗುವಿನ ಪ್ರಾಣಕ್ಕೇ ಅಪಾಯ. ಹರಳು ಬೀಜವೂ ಹಾಗೆಯೇ. ಬಿತ್ತನೆಗೆಂದು ತಂದ, ಔಷಧಿ ಲೇಪಿಸಿ ಕೆಂಪು ನೀಲಿ ಬಣ್ಣ ಹಾಕಿದ ಮುಸುಕಿನ ಜೋಳ ಮಕ್ಕಳಿಗೆ ಮಿಠಾಯಿಯಂತೆ ಕಾಣುತ್ತದೆ. ಅದು ಮಕ್ಕಳ ಕೈಗೆ ಸಿಕ್ಕಕೂಡದು. ಕ್ರಿಮಿನಾಶಕದ ಖಾಲಿ ಡಬ್ಬದಿಂದ ಗಾಡಿ ಮಾಡಿಕೊಟ್ಟ ಮನೆಯನ್ನೂ ನಾನು ನೋಡಿದ್ದೇನೆ. ಎಷ್ಟು ತೊಳೆದರೂ ಅದು ಆಟಕ್ಕೆ ಬಾರದು. ಔಷಧಿ ಹೊಡೆದು ಬಂದ ದಿನ ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗುವನ್ನು ಎತ್ತಬೇಡಿ. ಇನ್ನು ಮೂರು ವರ್ಷದೊಳಗಿನ ಮಗುವಿಗೆ ನಿಂಬೆಹಣ್ಣಿಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಆಡಲು ಕೊಡಕೂಡದು. ಹುಣಸೆ ಬೀಜ, ಅವರೆ ಕಾಳು, ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಹೋದರೆ ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ. ದೊಡ್ಡ ಮಕ್ಕಳು ಅಳಗುಳಿ ಆಡುವಲ್ಲಿ ಚಿಕ್ಕದು ತೆವಳಿ ಬರುತ್ತದೆ. ಆಟ ಮುಗಿದೊಡನೆ ಬೀಜ ಎಣಿಸಿ ಚೀಲಕ್ಕೆ ಹಾಕಿ ಮೇಲಿಡಿ.

ಇನ್ನೊಂದು ಅಪಾಯ ಕೆಂಡ. ಚಳಿಯೆಂದು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ ಬಾಗಿಲು ಮುಚ್ಚಿ ಮಕ್ಕಳನ್ನು ಸುತ್ತ ಕೂರಿಸುತ್ತಾರೆ. ಬಾಣಂತಿ ಕೋಣೆಯಲ್ಲಂತೂ ಇದು ವಾಡಿಕೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ. ರಕ್ತ ಆಮ್ಲಜನಕ ಹೊರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ತಲೆನೋವು, ವಾಂತಿ, ಆಮೇಲೆ ಮಂಪರು. ನಿದ್ದೆಯೆಂದುಕೊಂಡು ಸುಮ್ಮನಿದ್ದರೆ ಏಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬಾರದು. ಯಾರಿಗಾದರೂ ಹೀಗಾದರೆ ಮೊದಲು ಹೊರಗಿನ ಗಾಳಿಗೆ ತಂದು, ಕೂಡಲೇ 108ಕ್ಕೆ ಕರೆ ಮಾಡಿ. ಮಗು ಬೆಚ್ಚಗಿರಲು ಎರಡು ಪದರ ಬಟ್ಟೆ, ತಲೆಗೆ ಕುಲಾವಿ, ಕಾಲಿಗೆ ಚೀಲ ಸಾಕು. ಆಡತೊಡಗಿದರೆ ಅರ್ಧ ಗಂಟೆಯಲ್ಲಿ ತಾನೇ ಕುಲಾವಿ ಕಿತ್ತೆಸೆಯುತ್ತದೆ.

ಮೂರು ದಾಟಿದ ಮಗುವನ್ನು ಚಳಿಯ ನೆಪ ಹೇಳಿ ಅಂಗನವಾಡಿ ಬಿಡಿಸಬೇಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಬಂದ ಈ ಕೇಂದ್ರಗಳಲ್ಲಿ ಮೊಟ್ಟೆ, ಹಾಲಿನಷ್ಟೇ ಆಟಕ್ಕೂ ಜಾಗವಿದೆ. ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಮನೆಯಲ್ಲಿ ಆಡಿಸುವುದಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ‘ನವಚೇತನ’ ಎಂಬ ಕೈಪಿಡಿ ಹೊರಡಿಸಿದೆ. ಅದರ ವಿಷಯವನ್ನು ಅಂಗನವಾಡಿ ಕಾರ್ಯಕರ್ತೆಯರಲ್ಲಿ ವಿಚಾರಿಸಿ.

ಆ ಬಿದರಹಳ್ಳಿ ಕಡೆಯ ಮನೆಗೆ ಹದಿನೈದು ದಿನದ ಮೇಲೆ ಮತ್ತೆ ಹೋಗಿದ್ದೆ. ಮಣೆ ಅಟ್ಟದಿಂದ ಇಳಿದಿತ್ತು. ಒಂದು ತುದಿಗೆ ಗೆದ್ದಲು ಹಿಡಿದು ಎರಡು ಗುಳಿ ಹೋಗಿತ್ತು. ಉಳಿದ ಹನ್ನೆರಡರಲ್ಲೇ ತಂದೆ ಮಗಳು ಆಡುತ್ತಿದ್ದರು. “ಮೋಸ ಮಾಡ್ತಾಳೆ ಸಾರ್” ಎಂದು ಅವರು ದೂರು ಹೇಳಿದರು. ಮೊಬೈಲು ಪೂರಾ ಹೋಗಿರಲಿಲ್ಲ, ಗೂಟಕ್ಕೆ ನೇತುಹಾಕಿದ ಚೀಲದಲ್ಲಿತ್ತು. ನಿಮ್ಮ ಮನೆಯಲ್ಲಿ ಮಣೆ ಇಲ್ಲದಿದ್ದರೆ ಅಂಗಡಿಯವರಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆ ಕೇಳಿ, ಸುಮ್ಮನೆ ಕೊಡುತ್ತಾರೆ. ಮೂವತ್ತು ಮೊಟ್ಟೆಯ ತಟ್ಟೆಯಲ್ಲಿ ಉದ್ದಕ್ಕೆ ಆರು ಗುಳಿ ಬರುತ್ತವೆ. ಎರಡು ಸಾಲು ಕತ್ತರಿಸಿಕೊಂಡು ಒಂದು ದಿನ ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಏಳೇ ಬೇಕೆಂದರೆ ಇನ್ನೊಂದು ತಟ್ಟೆಯಿಂದ ಒಂದೊಂದು ಗುಳಿ ಕತ್ತರಿಸಿ ಗೋಂದಿನಿಂದ ಅಂಟಿಸಬೇಕು. ಕಲಿಯುವ ಮಗುವಿಗೆ ಆರೇ ಸಾಕು.